ಬಲ್ಮಠದ ಕಲ್ಲಿನಿಂದ ಬಳ್ಳಾರಿಯ ಮೊಳೆಗೆ

ಪ್ರತಿ ವರ್ಷ ಜುಲೈ 1ರಂದು ನಮ್ಮ ಪತ್ರಕರ್ತರ ಸಂಘಗಳು ಪತ್ರಿಕಾ ದಿನ ಆಚರಿಸುತ್ತವೆ. ದೀಪ ಹಚ್ಚುತ್ತಾರೆ, ಪ್ರಶಸ್ತಿ ಕೊಡುತ್ತಾರೆ, 'ನಿಷ್ಪಕ್ಷಪಾತ ಪತ್ರಿಕೋದ್ಯಮ'ದ ಮೇಲೆ ಭಾಷಣಗಳಾಗುತ್ತವೆ. 1843ರ ಅದೇ ದಿನ ಹೊರಟ 'ಮಂಗಳೂರ ಸಮಾಚಾರ'ದ ನೆನಪಿಗೆ ಇಷ್ಟೆಲ್ಲ. ಆದರೆ ಆ ಪತ್ರಿಕೆ ಮಂಗಳೂರಿನಲ್ಲಿ ಬದುಕಿದ್ದು ಎಂಟೇ ತಿಂಗಳು. ನಿಷ್ಪಕ್ಷಪಾತ ಎಂಬ ಮಾತಂತೂ ಅದಕ್ಕೆ ಸಲ್ಲುವುದೇ ಇಲ್ಲ. ಅದಕ್ಕೊಂದು ಪಕ್ಷವಿತ್ತು, ಅದನ್ನು ಅದು ಮುಚ್ಚಿಟ್ಟುಕೊಳ್ಳಲೂ ಇಲ್ಲ.

ಆಗ ಮಂಗಳೂರು ಮದರಾಸು ಪ್ರಾಂತ್ಯದ ಕೆನರಾ ಜಿಲ್ಲೆಯ ಕೇಂದ್ರ. ಪತ್ರಿಕೆ ಹೊರಡುವ ಆರು ವರ್ಷ ಮೊದಲು, 1837ರ ಏಪ್ರಿಲ್‌ನಲ್ಲಿ, ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಇದೇ ಊರನ್ನು ಕಂಪನಿ ಸರ್ಕಾರದ ಕೈಯಿಂದ ಕಿತ್ತುಕೊಂಡಿತ್ತು. ಕೊಡಗು-ಕೆನರಾದ ಆ ದಂಗೆಯನ್ನು ಕಂಪನಿ ಕೆಲವೇ ದಿನಗಳಲ್ಲಿ ಹತ್ತಿಕ್ಕಿತು, ನೇಣುಗಂಬಗಳೂ ಎದ್ದವು. ಅಂಥ ಊರಿನಲ್ಲಿ ಸರ್ಕಾರದ ಕಟ್ಟಳೆ ಏನು, ಹೊರಗಿನ ಲೋಕದಲ್ಲಿ ಏನಾಗುತ್ತಿದೆ ಎಂದು ಯಾರಾದರೂ ಅಚ್ಚು ಹಾಕಿ ಹೇಳಹೊರಟರೆ, ಹೇಳುವವನು ಯಾರ ಕಡೆಯವನು ಎಂದು ಜನ ಮೊದಲು ನೋಡಿರಲೇಬೇಕು.

ಹೇಳಹೊರಟವನು ಹರ್ಮನ್ ಮೋಗ್ಲಿಂಗ್. ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವನು, 1811ರಲ್ಲಿ ಹುಟ್ಟಿದವನು, ಬಾಸೆಲ್ ಮಿಷನ್ನಿನ ಪಾದ್ರಿ. ಮಿಷನ್ 1834ರಲ್ಲಿ ಮಂಗಳೂರಿಗೆ ಕಾಲಿಟ್ಟಿತ್ತು. ಈತ ಬಂದದ್ದು ಎರಡು ವರ್ಷದ ನಂತರ. 1840ರಲ್ಲಿ ಕಲೆಕ್ಟರ್ ಬ್ಲೇರ್ ಬಲ್ಮಠದ ಗುಡ್ಡದ ಜಾಗವನ್ನು ಮಿಷನ್ನಿಗೆ ದಾನ ಕೊಟ್ಟ. ಮರುವರ್ಷ ಮಿಷನ್ನಿನ ಮುದ್ರಣಾಲಯ ಶುರುವಾಯಿತು. ಜಿಲ್ಲೆಯ ದೊರೆ ಕೊಟ್ಟ ಜಾಗ, ಮತಪ್ರಚಾರಕ್ಕೆ ಬಂದ ಸಂಸ್ಥೆಯ ಯಂತ್ರ, ಪಾದ್ರಿಯ ಲೇಖನಿ: ಪತ್ರಿಕೆಯ ಹುಟ್ಟಿಗೆ ಕೂಡಿಬಂದದ್ದು ಇವು. 1835ರ ಮೆಟ್ಕಾಫ್ ಕಾಯಿದೆ ಪತ್ರಿಕೆಗಳ ಮೇಲಿನ ಲೈಸೆನ್ಸಿನ ಹಿಡಿತವನ್ನು ಸಡಿಲಿಸಿತ್ತಾದ್ದರಿಂದ ಕಾನೂನಿನ ತೊಡಕೂ ಇರಲಿಲ್ಲ.

ಯಂತ್ರವೆಂದರೆ ಕಲ್ಲಚ್ಚು. ಇವತ್ತು ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾಗದ ಮಾಡಿಸಲು ಹೋದವರು ಮೊಬೈಲಿನಲ್ಲೇ ಪ್ರೂಫ್ ನೋಡಿ, ವಧುವಿನ ಅಜ್ಜಿಯ ಹೆಸರು ಬಿಟ್ಟುಹೋಗಿದೆ ಎಂದು ಕೊನೇ ಗಳಿಗೆಯಲ್ಲಿ ಸೇರಿಸುತ್ತಾರೆ. ಕಲ್ಲಚ್ಚಿನಲ್ಲಿ ಅಂಥ ತಿದ್ದುಪಡಿ ಸುಲಭವಲ್ಲ. ನಯ ಮಾಡಿದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡು ಮಸಿಯಲ್ಲಿ ಅಕ್ಷರ ಮೂಡಿಸಬೇಕು. ನೇರವಾಗಿ ಬರೆಯುವುದಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು, ಇಲ್ಲವೇ ಕಾಗದದ ಮೇಲೆ ಬರೆದು ಕಲ್ಲಿಗೆ ಇಳಿಸಬೇಕು. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿ ಹಚ್ಚಿದರೆ, ನೀರು ಹೀರಿದ ಭಾಗ ಮಸಿಯನ್ನು ದೂಡುತ್ತದೆ, ಜಿಡ್ಡಿನ ಅಕ್ಷರ ಹಿಡಿದುಕೊಳ್ಳುತ್ತದೆ. ಕನ್ನಡದ ಒತ್ತಕ್ಷರ, ಗುಣಿತಗಳಿಗೆಲ್ಲ ನೂರಾರು ಮೊಳೆ ಎರಕ ಹೊಯ್ಯಿಸುವ ಖರ್ಚು ಇದರಲ್ಲಿ ಉಳಿಯುತ್ತಿತ್ತು. ಒಳ್ಳೆಯ ಕೈಬರಹದ ಒಬ್ಬ ಲಿಪಿಕಾರ ಸಿಕ್ಕರೆ ಸಾಕಿತ್ತು. ಹಾಗಾಗಿ ಕನ್ನಡದ ಮೊದಲ ಪತ್ರಿಕೆ ಒಂದರ್ಥದಲ್ಲಿ ಕೈಬರಹದ ಪತ್ರಿಕೆಯೇ.

ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರ್ಕಾರದ ನಿರೂಪಗಳು, ದೂರದೇಶದ ಸುದ್ದಿ, ನೀತಿಯ ಮಾತು, ಕಥೆ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಮೋಗ್ಲಿಂಗ್ ಜಾಣ. ಪುಟದ ತುಂಬ ಬೈಬಲ್ ತುಂಬಿದರೆ ಯಾರೂ ದುಡ್ಡು ಬಿಚ್ಚುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸುದ್ದಿಯ ರುಚಿ ಹತ್ತಿಸಿ ಓದುಗರನ್ನು ತನ್ನ ಲೋಕದ ಹತ್ತಿರಕ್ಕೆ ಕರೆತರುವುದು ಅವನ ದಾರಿ. ಇವತ್ತಿನ ಎಷ್ಟೋ ವಾಹಿನಿಗಳ ದಾರಿಯೂ ಅದೇ. ಹೋಲಿಸಿ ನೋಡಿದರೆ ಪಾದ್ರಿಯೇ ಪ್ರಾಮಾಣಿಕ, ಅವನ ನಿಲುವಂಗಿಯೇ ಅವನ ಪಕ್ಷ ಯಾವುದೆಂದು ಹೇಳುತ್ತಿತ್ತು.

1844ರ ಜನವರಿ 6ರಂದು ಊರು ಕದಡಿತು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಮೂವರು ಸಾರಸ್ವತ ಯುವಕರು ಅಂದು ದೀಕ್ಷಾಸ್ನಾನ ಪಡೆದರು. ಅವರಲ್ಲೊಬ್ಬ ಆನಂದರಾವ್ ಕೌಂಡಿನ್ಯ. ದೊಡ್ಡ ಮನೆತನಗಳ ಹುಡುಗರು ಹೀಗೆ ಮಿಷನ್ ಸೇರಿದ್ದು ಮಂಗಳೂರಿಗೆ ಹೊಸದು. ಬಲ್ಮಠದ ಸುತ್ತ ದೊಡ್ಡ ಗದ್ದಲವೆದ್ದಿತು. ಊರಿನ ಸುದ್ದಿ ಬರೆಯುತ್ತಿದ್ದವನೇ ಈಗ ಊರಿನ ಸುದ್ದಿಯಾಗಿದ್ದ.

ಫೆಬ್ರವರಿ ಮುಗಿಯುವ ಹೊತ್ತಿಗೆ ಪತ್ರಿಕೆ ಮಂಗಳೂರು ಬಿಟ್ಟಿತು. ಮಾರ್ಚ್‌ನಿಂದ ಅದು 'ಕಂನಡ ಸಮಾಚಾರ'ವಾಗಿ ಬಳ್ಳಾರಿಯಲ್ಲಿ ಹೊರಟಿತು. ಓದುಗರು ಬೇರೆ ಸೀಮೆಗಳಲ್ಲೂ ಹುಟ್ಟಿಕೊಂಡಿದ್ದಾರೆ, ಕಲ್ಲಚ್ಚಿಗಿಂತ ಮೊಳೆಯಚ್ಚು ಲೇಸು ಎಂಬುದು ಈ ಬದಲಾವಣೆಗೆ ಸಾಮಾನ್ಯವಾಗಿ ಕೊಡುವ ಕಾರಣ. ಅದು ಸುಳ್ಳಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕಟ್ಟಿದ ಮುದ್ರಣಾಲಯವಿತ್ತು, ಕನ್ನಡ ಬೈಬಲ್ ಅಚ್ಚಿನಿಂದ ಪಳಗಿದ ಕೆಲಸ. ಆದರೂ ಜನವರಿಯ ಗದ್ದಲಕ್ಕೂ ಮಾರ್ಚ್‌ನ ವಲಸೆಗೂ ನಡುವೆ ಎರಡೇ ತಿಂಗಳ ಅಂತರ ಎಂಬುದನ್ನು ಮರೆತು ಈ ಕಥೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಬಳ್ಳಾರಿಯಲ್ಲೂ ಪತ್ರಿಕೆ ಕೆಲವು ತಿಂಗಳಷ್ಟೇ ಉಸಿರಾಡಿತು. ಊರಿನ ಪತ್ರಿಕೆಗೆ ಊರು ತಪ್ಪಿದ ಮೇಲೆ ಅದು ಯಾರಿಗಾಗಿ ಎಂಬುದೇ ಮಸುಕಾಗಿರಬೇಕು.

ಮೋಗ್ಲಿಂಗ್ ಮಾತ್ರ ದಣಿಯಲಿಲ್ಲ. 1846ರಲ್ಲಿ ಕೌಂಡಿನ್ಯನನ್ನು ಯುರೋಪಿಗೆ ಕರೆದೊಯ್ದು, ಮರಳಿ ಬಂದು, ಕಾಸಾಮೇಜರ್ ಎಂಬ ನಿವೃತ್ತ ಅಧಿಕಾರಿಯ ಹಣದಿಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆ ಶುರುಮಾಡಿದ. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮಿಷನ್ನಿನ ಅದೇ ಕಲ್ಲಚ್ಚಿನಲ್ಲಿ ಮೂಡಿಬಂದವು. ಈ ಜನರ ನಂಬಿಕೆ ಬದಲಿಸಲು ಬಂದವನು, ಅವರ ನಂಬಿಕೆಯ ಹಾಡುಗಳನ್ನು ಮೊದಲು ಅಚ್ಚಿಗೆ ತಂದವರಲ್ಲಿ ಒಬ್ಬನಾದ. ಇದಕ್ಕಾಗಿಯೇ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವನಿಗೆ ಡಾಕ್ಟರೇಟ್ ಕೊಟ್ಟಿತು. ಅವನ ಕೊಡಗಿನ ಪುಸ್ತಕ 1855ರಲ್ಲಿ ಅಚ್ಚಾದದ್ದು ನಮ್ಮ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ.

ಪಕ್ಷ ಹಿಡಿಯುವ ಪತ್ರಿಕೆಗಳ ಕಥೆ ಮಂಗಳೂರಿಗೇ ಮುಗಿಯಲಿಲ್ಲ. ಮೈಸೂರು ಸೀಮೆಯಲ್ಲಿ ಭಾಷ್ಯಂ ಭಾಷ್ಯಾಚಾರ್ಯರು 'ಮೈಸೂರು ವೃತ್ತಾಂತ ಬೋಧಿನಿ' ಹೊರಡಿಸಿದ್ದು 1859ರಲ್ಲಿ. ಅದೂ ಅಲ್ಪಾಯುಷಿ. ಅಲ್ಲಿಂದಾಚೆಗಿನ ಪತ್ರಿಕೆಗಳು ದಿವಾನರ ಪರ, ದಿವಾನರ ವಿರುದ್ಧ ಎಂದು ಬಹಿರಂಗವಾಗಿ ಕಾದಾಡಿದವು. 1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಸರ್ಕಾರ, ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸಕೂಡದೆಂಬ ಕಾನೂನು ತಂದಾಗ ಪತ್ರಕರ್ತ ತಾತಯ್ಯ ವೆಂಕಟಕೃಷ್ಣಯ್ಯನವರು ಅಪ್ಪಣೆ ಬೇಡಲಿಲ್ಲ. ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.