ಕೊಂಬೆ ಮುರಿಯದೆ ಕಾಡಿನ ಚಿತ್ರ

ರಜೆ ಬಂತೆಂದರೆ ಹೊಸೂರು, ಕೃಷ್ಣಗಿರಿಯ ನಮ್ಮ ವ್ಯಾಪಾರಿ ಮನೆಗಳಲ್ಲಿ ಒಂದು ದಿನವಾದರೂ ಅಂಗಡಿಗೆ ಬಾಗಿಲು ಹಾಕಿ, ಬುತ್ತಿ ಕಟ್ಟಿಕೊಂಡು ತಳಿ, ದೆಂಕಣಿಕೋಟೆಯ ಕಡೆ ಹೋಗಿಬರುವುದುಂಟು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಮನೆ ಸೇರಿದ ಮೇಲೆ ಮಕ್ಕಳು ಆ ದಿನ ತೆಗೆದ ಚಿತ್ರಗಳನ್ನು ತೋರಿಸುತ್ತಾರೆ. ಮನೆಮಂದಿಯ ಚಿತ್ರಗಳು ಚೆನ್ನಾಗಿಯೇ ಬಂದಿರುತ್ತವೆ. ಆದರೆ ಕಾಡಿನ ಚಿತ್ರ ಮಾತ್ರ ಬರೀ ಹಸಿರು ಗೋಡೆ! "ಅಲ್ಲಿ ನಿಂತಾಗ ಎಷ್ಟು ಚೆಂದ ಇತ್ತು, ಇದರಲ್ಲಿ ಏನೂ ಇಲ್ಲವಲ್ಲ" ಎಂದು ಹುಡುಗರು ಬೇಸರ ಪಡುತ್ತಾರೆ.

ತಪ್ಪು ಕಾಡಿನದಲ್ಲ, ಕ್ಯಾಮೆರಾದ್ದೂ ಅಲ್ಲ. ನಾವು ಎರಡು ಕಣ್ಣಿನಿಂದ ನೋಡುತ್ತೇವೆ. ಹತ್ತಿರದ್ದು ಯಾವುದು, ದೂರದ್ದು ಯಾವುದು ಎಂದು ತಾನಾಗಿ ತಿಳಿಯುತ್ತದೆ. ಕ್ಯಾಮೆರಾದ್ದು ಒಂಟಿ ಕಣ್ಣು. ಅದು ಹತ್ತು ಅಡಿಯ ಮರವನ್ನೂ ನೂರು ಅಡಿಯ ಮರವನ್ನೂ ಒಂದೇ ಹಾಳೆಗೆ ಅಂಟಿಸಿಬಿಡುತ್ತದೆ. ಬೆಟ್ಟದ ಚಿತ್ರಕ್ಕೆ ಶಿಖರವಿದೆ, ಕಾಡಿಗೆ ಹಾಗೆ ಎದ್ದು ಕಾಣುವ ಗುರುತು ಯಾವುದೂ ಇಲ್ಲ. ಆದ್ದರಿಂದ ನೋಡುವವರ ಕಣ್ಣು ಒಳಗೆ ಹೋಗಲು ಒಂದು ಹೊಸ್ತಿಲು ಬೇಕು. ಛಾಯಾಗ್ರಾಹಕರು ಫೋರ್‌ಗ್ರೌಂಡ್ ಎಂದು ಕರೆಯುವ ಮುನ್ನೆಲೆಯೇ ಆ ಹೊಸ್ತಿಲು.

ನಮ್ಮ ಜವಳಿ ಅಂಗಡಿಯನ್ನೇ ನೋಡಿ. ಗಿರಾಕಿಗೆ ಮೊದಲು ಸಿಗುವುದು ಮೆಟ್ಟಿಲು, ಆಮೇಲೆ ಹಾಸಿದ ಗಾದಿ, ಆಮೇಲೆ ಗೋಡೆಯ ಕಪಾಟು. ಮೆಟ್ಟಿಲಿನ ಜಾಗದಲ್ಲೇ ಬಟ್ಟೆಯ ಥಾನುಗಳನ್ನು ಸೂರಿನವರೆಗೆ ಪೇರಿಸಿಟ್ಟರೆ ಮಾಲು ಎಷ್ಟಿದ್ದರೇನು, ಒಳಗೆ ಬರುವವರು ಯಾರು? ಕಾಡಿನ ಚಿತ್ರಕ್ಕೂ ಇದೇ ಲೆಕ್ಕ.

ಅಮ್ಮ ಕೇಳಿದ ಪ್ರಶ್ನೆ

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಆಗಿನ್ನೂ 36 ಚಿತ್ರಗಳ ಫಿಲಂ ರೀಲಿನ ಕಾಲ. ಫೆಬ್ರವರಿ ಕೊನೆಯಲ್ಲಿ ರಾಯಕೋಟೆಯ ಕಡೆ ಹೋಗಿದ್ದೆ. ಮುತ್ತುಗದ ಮರ ಎಲೆ ಉದುರಿಸಿ ಮೈತುಂಬ ಕೆಂಪು ಹೂ ಬಿಟ್ಟಿತ್ತು. ಮುನ್ನೆಲೆ ಇದ್ದರೆ ಚಿತ್ರಕ್ಕೆ ಕಳೆ ಬರುತ್ತದೆಂದು ಎಲ್ಲೋ ಓದಿದ್ದೆ. ಹೂವಿದ್ದ ಕೊಂಬೆಯೊಂದನ್ನು ಮುರಿದು, ಜೊತೆಗಿದ್ದ ಗೆಳೆಯನ ಕೈಗೆ ಕೊಟ್ಟು, ಲೆನ್ಸಿನ ಮುಂದೆ ಹಿಡಿಸಿ ಚಿತ್ರ ತೆಗೆದೆ. ಕೊಂಬೆಯನ್ನು ಅಲ್ಲೇ ಎಸೆದು ಬಂದೆವು.

ಚಿತ್ರವನ್ನು ದೊಡ್ಡದು ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿದೆ. ಅಮ್ಮ ಬಂದವಳು ಬಹಳ ಹೊತ್ತು ನೋಡಿ ಕೇಳಿದಳು: "ಚೆನ್ನಾಗಿದೆಯಪ್ಪ. ಈ ಕೊಂಬೆ ಮರದಲ್ಲಿತ್ತೋ, ಕೈಯಲ್ಲಿತ್ತೋ?" ನಾನು ಇದ್ದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. "ಕೆಳಗೆ ಬಿದ್ದದ್ದು ಅಷ್ಟೊಂದಿತ್ತಲ್ಲ" ಎಂದಳು, ಅಷ್ಟೇ. ಅಷ್ಟಮಿ, ಚತುರ್ದಶಿಯಂದು ಹಸಿರು ತರಕಾರಿಯನ್ನೂ ಮುಟ್ಟದ ಮನೆಯಲ್ಲಿ ಒಂದು ಚಿತ್ರಕ್ಕಾಗಿ ಹಸಿ ಕೊಂಬೆ ಮುರಿದಿದ್ದೆ. ಸಂಜೆಯೇ ಚಿತ್ರವನ್ನು ಕೆಳಗಿಳಿಸಿದೆ.

ಮರುವರ್ಷ ಅದೇ ಮರದ ಬಳಿ ಹೋಗಿ ಈ ಸಲ ಮೊಣಕಾಲೂರಿ ಕುಳಿತೆ. ಉದುರಿದ ಹೂಗಳು ನನ್ನ ಕಾಲ ಬಳಿ ದೊಡ್ಡದಾಗಿ, ದೂರ ಹೋದಂತೆ ಚಿಕ್ಕದಾಗಿ, ಮರದ ಬುಡದವರೆಗೆ ಹರಡಿದ್ದವು. ಕಣ್ಣು ಅವುಗಳ ಮೇಲೆ ಹೆಜ್ಜೆಯಿಟ್ಟಂತೆ ಮರದ ತನಕ ನಡೆಯಿತು. ಹಳೆಯ ಚಿತ್ರದ ಕುಂದು ಆಗ ತಿಳಿಯಿತು. ಅಲ್ಲಿ ಕೊಂಬೆಯ ಮೇಲೆ ಬಿದ್ದ ಬೆಳಕು ಒಂದು ಕಡೆಯದು, ಮರದ ಮೇಲಿನದು ಇನ್ನೊಂದು ಕಡೆಯದು. ಬುಡವಿಲ್ಲದ ಕೊಂಬೆ ಗಾಳಿಯಲ್ಲಿ ತೇಲುವಂತಿತ್ತು. ಪಾಪ ಒಂದು ಕಡೆ ಇರಲಿ, ಕಲೆಯ ಲೆಕ್ಕದಲ್ಲೂ ಅದು ನಷ್ಟದ ವ್ಯಾಪಾರವೇ.

ಆರು ಜನ, ಒಂದು ನೇರಳೆ ಮರ

ಅಮ್ಮ ಹೇಳಿದ್ದು ಹೊಸ ಮಾತಲ್ಲ. ಶ್ರವಣಬೆಳಗೊಳದ ಜೈನ ಮಠದ ಗೋಡೆಯಲ್ಲಿ ಮರ ಹಾಗೂ ಆರು ಜನರ ಚಿತ್ರವನ್ನು ನಮ್ಮಲ್ಲಿ ಬಹಳ ಮಂದಿ ನೋಡಿರುತ್ತಾರೆ. ಅದು ಷಡ್ಲೇಶ್ಯೆಯ ಕಥೆ. ಹಸಿದ ಆರು ಜನ ನೇರಳೆ ಮರದ ಬಳಿ ಬರುತ್ತಾರೆ. ಕೃಷ್ಣಲೇಶ್ಯೆಯವನಿಗೆ ಮರವನ್ನೇ ಬುಡಸಹಿತ ಕೀಳುವ ಮನಸ್ಸು. ಒಬ್ಬೊಬ್ಬರ ಭಾವ ತಿಳಿಯಾದಂತೆ ಆಸೆಯೂ ಚಿಕ್ಕದಾಗುತ್ತ ಬರುತ್ತದೆ. ಕೊನೆಗೆ ಶುಕ್ಲಲೇಶ್ಯೆಯವನು, ಕೆಳಗೆ ಬಿದ್ದ ಹಣ್ಣೇ ಸಾಕು ಎನ್ನುತ್ತಾನೆ. ಹಸಿವು ಆರು ಜನರದ್ದೂ ಒಂದೇ. ಕ್ಯಾಮೆರಾ ಹಿಡಿದವರಲ್ಲೂ ಈ ಆರು ಬಗೆಯವರಿದ್ದಾರೆ. ಅಡ್ಡ ಬಂದ ಸಸಿಯನ್ನು ಕಿತ್ತು ಹಾಕುವವರಿದ್ದಾರೆ, ಹುಲ್ಲು ತುಳಿದು ಮಟ್ಟ ಮಾಡುವವರಿದ್ದಾರೆ, ಇದ್ದದ್ದನ್ನು ಇದ್ದ ಹಾಗೇ ಬಿಟ್ಟು ತಾನು ಎರಡು ಹೆಜ್ಜೆ ಸರಿದು ನಿಲ್ಲುವವರೂ ಇದ್ದಾರೆ.

ನಮ್ಮ ಮುನಿಗಳ ಈರ್ಯಾಸಮಿತಿಯಲ್ಲಿ ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯಬೇಕೆಂಬ ನಿಯಮವಿದೆ. ನಾಲ್ಕು ಮೊಳವೆಂದರೆ ಸುಮಾರು ಆರು ಅಡಿ. ಕಾಡಿನ ಚಿತ್ರದ ಮುನ್ನೆಲೆ ಇರುವುದೂ ಹೆಚ್ಚಾಗಿ ಅಷ್ಟೇ ದೂರದಲ್ಲಿ! ಇರುವೆ ಸಾಯದಿರಲೆಂದು ನೆಲ ನೋಡಿ ನಡೆಯುವವನಿಗೆ ಚಿತ್ರದ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ನಾಲ್ಕು ಬಗೆಯ ಮುನ್ನೆಲೆ

ಮೊದಲನೆಯದು ನೆಲ. ಮುತ್ತುಗದ ಕಾಲ ಮುಗಿಯುತ್ತಿದ್ದಂತೆ ಹೊಂಗೆಯ ಹೂ ಉದುರಿ ನೆಲಕ್ಕೆ ಚಾಪೆ ಹಾಸುತ್ತದೆ. ಬಂಡೆ, ಬೇರು, ಒಣ ಎಲೆ ಎಲ್ಲವೂ ಆಗುತ್ತದೆ. ಕ್ಯಾಮೆರಾವನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ತುಸು ಕೆಳಮುಖವಾಗಿ ಹಿಡಿಯಿರಿ.

ಎರಡನೆಯದು ಒಳಗೆ ಕರೆದೊಯ್ಯುವ ಗೆರೆ. ಬಂಡಿಜಾಡು, ಬಿದ್ದ ದಿಮ್ಮಿ, ಒಣಗಿದ ಹಳ್ಳ ಇವು ಚಿತ್ರದ ಕೆಳಗಿನ ಮೂಲೆಯಿಂದ ಹೊರಟು ಒಳಗೆ ಹೋಗಬೇಕು. ದಿಮ್ಮಿ ಅಡ್ಡಡ್ಡಲಾಗಿ ಮಲಗಿದ್ದರೆ ಅದು ಮುಚ್ಚಿದ ಗೇಟಿನಂತೆ ಕಣ್ಣನ್ನು ತಡೆಯುತ್ತದೆ. ದಿಮ್ಮಿಯನ್ನು ಹೊರಳಿಸಬೇಡಿ, ನೀವೇ ಪಕ್ಕಕ್ಕೆ ನಡೆಯಿರಿ.

ಮೂರನೆಯದು ಚೌಕಟ್ಟು. ಕೃಷ್ಣಗಿರಿಯ ಮಾವಿನ ತೋಪುಗಳಲ್ಲಿ ಕೊಂಬೆಗಳು ನೆಲದ ಹತ್ತಿರಕ್ಕೆ ಬಾಗಿರುತ್ತವೆ. ಅವುಗಳ ನೆರಳಿನಲ್ಲಿ ನಿಂತು ಆಚೆಯ ಬೆಳಕನ್ನು ನೋಡಿ. ಚೌಕಟ್ಟು ಕಪ್ಪಾಗಿ, ಒಳಗಿನದು ಬೆಳಗಿದಾಗ ಚಿತ್ರಕ್ಕೆ ಆಳ ಬರುತ್ತದೆ. ಬರಿದಾದ ಬಿಳಿ ಆಕಾಶವೂ ಕೊಂಬೆಯ ಮರೆಗೆ ಹೋಗುತ್ತದೆ.

ನಾಲ್ಕನೆಯದು ಮಸುಕು ಪರದೆ. ಹುಲ್ಲಿನ ಗರಿಯೋ ಎಲೆಯೋ ಲೆನ್ಸಿಗೆ ಒಂದು ಗೇಣು ಹತ್ತಿರ ಬರುವಂತೆ ಕುಳಿತು, ದೂರದ ಮರಕ್ಕೆ ಫೋಕಸ್ ಮಾಡಿ. ಅಪರ್ಚರ್ ಎಫ್ 2.8 ಅಥವಾ 4 ಇದ್ದರೆ ಆ ಎಲೆ ಹಸಿರು ಮಂಜಿನಂತೆ ಕರಗಿಬಿಡುತ್ತದೆ. ಅಡ್ಡ ಬಂತೆಂದು ಕಿತ್ತುಹಾಕಬೇಕೆನಿಸಿದ ಗಿಡವೇ ಹೀಗೆ ನೆರವಿಗೆ ಬರುತ್ತದೆ.

ಈ ನಾಲ್ಕರಲ್ಲಿ ಒಂದು ಚಿತ್ರಕ್ಕೆ ಒಂದು ಸಾಕು. ಇಲ್ಲಿಯೂ ಅಪರಿಗ್ರಹ ಒಳ್ಳೆಯದು. ಪರೀಕ್ಷೆ ಸುಲಭ: ಚಿತ್ರದ ಕೆಳಭಾಗವನ್ನು ಅಂಗೈಯಿಂದ ಮುಚ್ಚಿ ನೋಡಿ. ಏನೂ ಕಳೆದುಹೋದಂತೆ ಅನ್ನಿಸದಿದ್ದರೆ ಆ ಮುನ್ನೆಲೆ ಬೇಡವೆಂದೇ ಅರ್ಥ.

ಹತ್ತಿರವೂ ದೂರವೂ ಸ್ಪಷ್ಟವಾಗಲು

ಅಮೆರಿಕದಲ್ಲಿ 1932ರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಕಟ್ಟಿಕೊಂಡ ಬಳಗಕ್ಕೆ ಎಫ್ 64 ಎಂದೇ ಹೆಸರು. ಲೆನ್ಸಿನ ಕಿಂಡಿ ಕಿರಿದಾದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತದೆ ಎಂಬುದು ಅದರ ಅರ್ಥ. ಆಡಮ್ಸ್ 1944ರಲ್ಲಿ ತೆಗೆದ ಮೌಂಟ್ ವಿಲಿಯಂಸನ್ ಚಿತ್ರದಲ್ಲಿ ಬೆಟ್ಟಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಕಾಲ ಬಳಿಯ ಬಂಡೆಗಳೇ.

ನಮ್ಮ ಕೈಯಲ್ಲಿರುವ ಕ್ಯಾಮೆರಾಕ್ಕೆ ಅಷ್ಟೆಲ್ಲ ಬೇಕಿಲ್ಲ. 35 ಮಿ.ಮೀ. ಫಿಲಂ ಅಳತೆಯ ಕ್ಯಾಮೆರಾದಲ್ಲಿ 28 ಮಿ.ಮೀ. ಲೆನ್ಸ್ ಹಾಕಿ, ಎಫ್ 11ಕ್ಕೆ ಇಟ್ಟು, ಸುಮಾರು ಎರಡೂವರೆ ಮೀಟರಿಗೆ ಫೋಕಸ್ ಮಾಡಿದರೆ ಒಂದೂಕಾಲು ಮೀಟರಿನಿಂದ ಆಚೆಯದೆಲ್ಲ ಸ್ಪಷ್ಟವಾಗಿ ಬರುತ್ತದೆ. ಮರದಡಿ ಬೆಳಕು ಕಡಿಮೆ, ಷಟರ್ ನಿಧಾನವಾಗುತ್ತದೆ. ಆದ್ದರಿಂದ ಟ್ರೈಪಾಡ್ ಬೇಕು, ಗಾಳಿ ನಿಲ್ಲುವವರೆಗೆ ಕಾಯುವ ತಾಳ್ಮೆಯೂ ಬೇಕು. ಮೊಬೈಲ್ ಫೋನಿನಲ್ಲಿ ಈ ಲೆಕ್ಕವೇ ಬೇಡ, ಅದರ ಚಿಕ್ಕ ಸೆನ್ಸರಿನಲ್ಲಿ ಹತ್ತಿರ ದೂರ ಎರಡೂ ಸ್ಪಷ್ಟ. ಫೋನನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ನೆಲಕ್ಕೆ ಹತ್ತಿರವಾಗುತ್ತದೆ, ಅಷ್ಟೇ ಉಪಾಯ.

ಇನ್ನೊಂದು ಸಮಾಧಾನವೂ ಇದೆ. ಫಿಲಂ ರೀಲಿನ ಲೇಪದಲ್ಲಿರುವುದು ಜೆಲಟಿನ್, ದನಗಳ ಮೂಳೆ ಮತ್ತು ಚರ್ಮದಿಂದ ತೆಗೆಯುವ ವಸ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಆ ರೀಲು ಬೇಕಿಲ್ಲ. ಈಗ ಉಳಿದಿರುವುದು ನಮ್ಮ ಕೈಕಾಲಿನಿಂದ ಆಗುವ ಹಿಂಸೆ ಮಾತ್ರ. ಅದನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ.

ಎಲ್ಲಿ, ಯಾವಾಗ?

ಜವಳಗಿರಿಯ ಹೆಸರು ಒಂದು ಕಾಲದಲ್ಲಿ ಬೇಟೆಯ ಕಥೆಯಿಂದ ಪ್ರಸಿದ್ಧವಾಗಿತ್ತು. ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಲ್ಲಿಯ ನರಭಕ್ಷಕ ಹುಲಿಯ ಕಥೆಯಿದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 2014ರಲ್ಲಿ ಈ ಭಾಗದ ಸುಮಾರು 504 ಚದರ ಕಿ.ಮೀ. ಕಾಡು ಕಾವೇರಿ ಉತ್ತರ ವನ್ಯಜೀವಿಧಾಮವಾಯಿತು. ಬಂದೂಕು ಹೋಗಿ ಕ್ಯಾಮೆರಾ ಬಂದದ್ದು ಸಂತೋಷವೇ. ಆದರೆ ಕ್ಯಾಮೆರಾ ಇದೆಯೆಂದು ಎಲ್ಲಿ ಬೇಕಾದರೂ ನುಗ್ಗುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮೀಸಲು ಕಾಡಿನೊಳಗೆ ಕಾಲಿಡಬಾರದು. ಮಳೆ ಮುಗಿದು ರಾಗಿ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಯ ಹಿಂಡುಗಳು ತಳಿ, ದೆಂಕಣಿಕೋಟೆ, ಸಾನಮಾವಿನ ಕಾಡಿಗೆ ಬರುತ್ತವೆ. ಆ ತಿಂಗಳುಗಳಲ್ಲಿ ಕಾಡಂಚಿಗೂ ಮಕ್ಕಳನ್ನು ಕರೆದೊಯ್ಯಬೇಡಿ.

ಕಲಿಯಲು ಮಾವಿನ ತೋಪು, ಕೆರೆಯ ಏರಿಯ ಹೊಂಗೆ ಸಾಲು ಧಾರಾಳ ಸಾಕು. ಚಾತುರ್ಮಾಸದಲ್ಲಿ ನೆಲವೆಲ್ಲ ಜೀವರಾಶಿ, ಆಗ ಕ್ಯಾಮೆರಾಕ್ಕೂ ವಿಶ್ರಾಂತಿ ಇರಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹೊಸೂರಿನಲ್ಲಿ ಚಳಿಗಾಲದ ಬೆಳಗ್ಗೆ ಮಂಜು ಬೀಳುತ್ತದೆ. ಆಗ ಹತ್ತಿರದ ಮರ ಕಪ್ಪಾಗಿ, ದೂರದ ಮರ ತೆಳ್ಳಗೆ ಕಾಣುತ್ತದೆ. ಮುನ್ನೆಲೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಟ್ರೈಪಾಡಿನ ಕಾಲೂರುವ ಮೊದಲು ನೆಲ ನೋಡಿ. ಕಲ್ಲನ್ನು ಎತ್ತಿಡಬೇಡಿ, ಅದರಡಿ ಒಂದು ಸಂಸಾರವಿರುತ್ತದೆ. ಗೂಡಿದ್ದ ಕೊಂಬೆಯ ಹತ್ತಿರ ಹೋಗಬೇಡಿ.

ಮಕ್ಕಳು ಚಿತ್ರ ತಂದು ತೋರಿಸಿದಾಗ ಚೆನ್ನಾಗಿದೆ ಎಂದು ಮೊದಲು ಬೆನ್ನು ತಟ್ಟಿ. ಆಮೇಲೆ ನನ್ನ ಅಮ್ಮ ಕೇಳಿದ ಹಾಗೆ ಒಂದು ಮಾತು ಕೇಳಿ: "ಈ ಕೊಂಬೆ ಮರದಲ್ಲಿತ್ತೋ, ಕೈಯಲ್ಲಿತ್ತೋ?" ಮರದಲ್ಲೇ ಇತ್ತು ಎಂದು ಮಗು ಹೇಳಿದರೆ ಆ ಚಿತ್ರವನ್ನು ಧಾರಾಳವಾಗಿ ಅಂಗಡಿಯಲ್ಲಿ ತೂಗುಹಾಕಿ.