ಬಾತಮ್ ದ್ವೀಪದ ಕಾರ್ಖಾನೆ ಬಡಾವಣೆಗಳು: ವಾಸ ಮತ್ತು ಹಣ ಹೂಡಿಕೆ

ಮಲಯ ಭಾಷೆಯಲ್ಲಿ ಪಿನಾಂಗ್ ಎಂದರೆ ಅಡಿಕೆ. ಇಂಡೋನೇಷ್ಯದ ರಿಯಾವ್ ದ್ವೀಪಗಳ ಪ್ರಾಂತಕ್ಕೆ ರಾಜಧಾನಿಯಾದ ಊರಿನ ಹೆಸರು ತಂಜುಂಗ್ ಪಿನಾಂಗ್, ಅಂದರೆ ಅಡಿಕೆಯ ಭೂಶಿರ. ಈ ಊರು ಬಿಂತಾನ್ ದ್ವೀಪದಲ್ಲಿದೆ. ಅದರ ಪಶ್ಚಿಮಕ್ಕೆ, ಸಿಂಗಪುರದಿಂದ ಸುಮಾರು 20 ಕಿ.ಮೀ. ದಕ್ಷಿಣಕ್ಕೆ, ಬಾತಮ್ ಎಂಬ ಇನ್ನೊಂದು ದ್ವೀಪವಿದೆ. ಸಿಂಗಪುರದಲ್ಲಿ ದುಡಿಯುವ ಮಕ್ಕಳಿರುವ ಮನೆಗಳಿಗೆ ಬಾತಮ್ ಹೆಸರು ಹೊಸದಲ್ಲ. "ಸಿಂಗಪುರದ ಪಕ್ಕದಲ್ಲೇ ಅಗ್ಗದ ಮನೆ, ಬಾಡಿಗೆಗೆ ಕಾರ್ಖಾನೆಯ ಜನ" ಎಂಬ ಜಾಹೀರಾತೂ ಬರುತ್ತದೆ. ಕಾಳುಮೆಣಸಿಗೋ ಕಾಫಿಗೋ ಒಳ್ಳೆಯ ಧಾರಣೆ ಸಿಕ್ಕಿದ ವರ್ಷ ಕೈಯಲ್ಲಿ ನಾಲ್ಕು ಕಾಸು ಇರುವಾಗ ಇಂಥ ಮಾತಿಗೆ ಕಿವಿಗೊಡುವುದು ಸ್ವಾಭಾವಿಕ. ಆದ್ದರಿಂದ ಆ ದ್ವೀಪದ ವಾಸ ಹೇಗೆ, ಅಲ್ಲಿ ಹಣ ಹಾಕಿದವನ ಕೈಗೆ ನಿಜವಾಗಿ ಬರುವುದೇನು ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಕಾಚಿನ ಕಾಲದಿಂದ ಕಾರ್ಖಾನೆಯ ಕಾಲಕ್ಕೆ

ಈ ದ್ವೀಪಸಮೂಹ ಒಮ್ಮೆ ತೋಟಗಾರರ ನಾಡಾಗಿತ್ತು. 18ನೆಯ ಶತಮಾನದಲ್ಲಿ ಬಿಂತಾನ್ ಮತ್ತು ಸುತ್ತಮುತ್ತ ಚೀನೀ ಬೆಳೆಗಾರರು ಗಂಬೀರ್ ಮತ್ತು ಕಾಳುಮೆಣಸನ್ನು ಒಟ್ಟಿಗೆ ಬೆಳೆದರು. ಗಂಬೀರ್ ಎಂಬುದು ಒಂದು ಬಳ್ಳಿಗಿಡ. ಅದರ ಎಲೆಯನ್ನು ಕುದಿಸಿ, ರಸವನ್ನು ಗಟ್ಟಿಮಾಡಿದರೆ ಎಲೆ ಅಡಿಕೆಗೆ ಹಾಕುವ ಒಂದು ಬಗೆಯ ಕಾಚು ಸಿಗುತ್ತದೆ. ಚರ್ಮ ಹದಮಾಡಲೂ ಅದು ಬೇಕು. ಕುದಿಸಿ ಉಳಿದ ಎಲೆಯ ಚರಟ ಮೆಣಸಿನ ಬಳ್ಳಿಗೆ ಗೊಬ್ಬರ. ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಆದರೆ ಕುದಿಸಲು ಸೌದೆ ಬೇಕಲ್ಲ? ಸುತ್ತಲಿನ ಕಾಡು ಮುಗಿಯಿತು, ಮಣ್ಣಿನ ಸಾರ ಇಳಿಯಿತು. ಬೆಳೆಗಾರರು ಸಿಂಗಪುರಕ್ಕೆ, ಅಲ್ಲಿಂದ ಜೊಹೋರಿಗೆ ದಾಟಿದರು. ಬೆಳೆ ಮುಂದಕ್ಕೆ ಹೋಯಿತು, ಬರಡು ನೆಲ ಹಿಂದೆ ಉಳಿಯಿತು.

1970ರ ದಶಕದ ಆರಂಭದಲ್ಲಿ ಬಾತಮಿನಲ್ಲಿದ್ದವರು ಸುಮಾರು 6,000 ಜನ, ಹೆಚ್ಚಿನವರು ಮೀನುಗಾರರು. 1971ರಲ್ಲಿ ಇಂಡೋನೇಷ್ಯ ಸರಕಾರ ಇಲ್ಲಿ ಒಂದು ಅಭಿವೃದ್ಧಿ ಪ್ರಾಧಿಕಾರವನ್ನು ಸ್ಥಾಪಿಸಿತು. ಮೊದಲು ಇದು ಸರಕಾರಿ ತೈಲ ಕಂಪನಿ ಪೆರ್ತಾಮಿನಾದ ನೆಲೆ. 1973ರ ಅಧ್ಯಕ್ಷೀಯ ಆಜ್ಞೆಯೊಂದು ಇಡೀ ದ್ವೀಪವನ್ನೇ ಕೈಗಾರಿಕಾ ಪ್ರದೇಶವೆಂದು ಸಾರಿತು. 1978ರಿಂದ 1998ರ ತನಕ ಪ್ರಾಧಿಕಾರದ ಮುಖ್ಯಸ್ಥರಾಗಿದ್ದವರು, ಮುಂದೆ ದೇಶದ ಅಧ್ಯಕ್ಷರಾದ ಎಂಜಿನಿಯರ್ ಬಿ. ಜೆ. ಹಬೀಬಿ. ಸಿಂಗಪುರದಲ್ಲಿ ನೆಲವೂ ಕೂಲಿಯೂ ದುಬಾರಿಯಾದಾಗ ಅಲ್ಲಿನ ಉದ್ಯಮ ಬಾತಮಿಗೆ ಹರಿದುಬರಬೇಕೆಂಬುದು ಅವರ ಯೋಜನೆ. 1990ರ ದಶಕದ ಮೊದಲಲ್ಲಿ ಮುಕಾ ಕುನಿಂಗ್ ಎಂಬಲ್ಲಿ ಬಾತಮಿಂದೊ ಕೈಗಾರಿಕಾ ವಸಾಹತು ತೆರೆಯಿತು. ಪಶ್ಚಿಮದ ತಂಜುಂಗ್ ಉಂಚಾಂಗಿನಲ್ಲಿ ಹಡಗು ಕಟ್ಟುವ ಕಾರ್ಖಾನೆಗಳ ಸಾಲು ಎದ್ದಿತು. 2007ರಲ್ಲಿ ಇದು ಸುಂಕವಿಲ್ಲದ ಮುಕ್ತ ವ್ಯಾಪಾರ ವಲಯವಾಯಿತು. 2020ರ ಜನಗಣತಿಯಲ್ಲಿ ಬಾತಮ್ ನಗರದ ಜನಸಂಖ್ಯೆ ಸುಮಾರು 12 ಲಕ್ಷ. ಅರ್ಧ ಶತಮಾನದಲ್ಲಿ ಇನ್ನೂರು ಪಟ್ಟು! ದ್ವೀಪದ ವಿಸ್ತಾರವಾದರೋ 415 ಚದರ ಕಿ.ಮೀ.

ಅಲ್ಲಿಯ ವಾಸ

ಜಾವಾ, ಸುಮಾತ್ರಾ, ಫ್ಲೋರೆಸ್ ಮುಂತಾದ ದ್ವೀಪಗಳಿಂದ ಕೆಲಸ ಹುಡುಕಿ ಬಂದವರ ಊರು ಇದು. ಮುಕಾ ಕುನಿಂಗಿನ ವಸಾಹತಿನ ಒಳಗೇ ಕೆಲಸಗಾರರ ವಸತಿಗೃಹಗಳಿವೆ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೆ ಬಂದ ಹುಡುಗಿಯರು ಅವುಗಳಲ್ಲಿ ಒಂದು ಕೋಣೆಗೆ ಹಲವರಂತೆ ಇರುತ್ತಾರೆ. ನೇಮಕ ಬಹುಮಟ್ಟಿಗೆ ಕರಾರಿನ ಮೇಲೆ. ಕರಾರು ಮುಗಿದರೆ ಬೇರೆ ಕಾರ್ಖಾನೆ, ಇಲ್ಲವೇ ಊರಿಗೆ ವಾಪಸು.

ಮದುವೆಯಾಗಿ ನೆಲೆ ನಿಂತವರು ಬಾತು ಆಜಿಯಂಥ ಬಡಾವಣೆಗಳಿಗೆ ಹೋಗುತ್ತಾರೆ. ಹಡಗುಕಟ್ಟೆಗಳಿಗೆ ಹತ್ತಿರವಾದ ಈ ಭಾಗದಲ್ಲಿ ಒಂದಕ್ಕೊಂದು ಗೋಡೆ ತಾಗಿದ ಸಣ್ಣ ಮನೆಗಳ ಸಾಲುಗಳು. ಮನೆಯನ್ನು ಅಳತೆಯ ಹೆಸರಿನಲ್ಲೇ ಕರೆಯುವುದು ವಾಡಿಕೆ: "ಟೈಪ್ 21", "ಟೈಪ್ 36". ಅಂದರೆ 21 ಅಥವಾ 36 ಚದರ ಮೀಟರ್. ನಮ್ಮ ಕಡೆಯ ಒಂದು ದೊಡ್ಡ ಜಗಲಿಯಷ್ಟು ಜಾಗದಲ್ಲಿ ಒಂದು ಸಂಸಾರ. ಕೆಲಸದ ಪಾಳಿ ಬದಲಾಗುವ ಹೊತ್ತಿಗೆ ರಸ್ತೆ ತುಂಬ ಮೋಟಾರ್ ಸೈಕಲ್ಲುಗಳು. ಜೋರು ಮಳೆ ಬಂದರೆ ತಗ್ಗಿನ ಬೀದಿಗಳಲ್ಲಿ ನೀರು ನಿಲ್ಲುತ್ತದೆ. ಇಷ್ಟೂ ಕೈಗೆಟುಕದವರು ಖಾಲಿ ಜಾಗದಲ್ಲಿ ಹಲಗೆ, ತಗಡಿನ ಗುಡಿಸಲು ಹಾಕುತ್ತಾರೆ. ಅವಕ್ಕೆ ಅಲ್ಲಿ "ರುಮಾ ಲಿಯಾರ್", ಅಂದರೆ ಕಾಡು ಮನೆ ಎಂದು ಹೆಸರು.

ದ್ವೀಪದಲ್ಲಿ ದೊಡ್ಡ ನದಿ ಇಲ್ಲ. 12 ಲಕ್ಷ ಜನರ ನೀರು ಬರುವುದು ಮಳೆಯನ್ನು ಹಿಡಿದಿಡುವ ಜಲಾಶಯಗಳಿಂದ. ಅತಿ ದೊಡ್ಡದಾದ ದುರಿಯಾಂಗ್‌ಕಾಂಗ್ ಜಲಾಶಯವನ್ನು ಸಮುದ್ರದ ಹಿನ್ನೀರಿಗೆ ಅಡ್ಡಗಟ್ಟಿ, ಒಳಗಿನ ಉಪ್ಪುನೀರನ್ನು ಕ್ರಮೇಣ ಸಿಹಿಯಾಗಿಸಿ ಮಾಡಿದ್ದಾರೆ. ಜಲಾನಯನದ ಕಾಡು ಉಳಿದರೆ ನೀರು, ಇಲ್ಲದಿದ್ದರೆ ಇಲ್ಲ. ಇದನ್ನು ಕೆರೆ, ಹಳ್ಳ ನಂಬಿದ ತೋಟಗಾರನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಿಂಗಪುರಕ್ಕೆ ದೋಣಿಯಲ್ಲಿ ಒಂದು ಗಂಟೆಯ ಒಳಗಿನ ಪ್ರಯಾಣ. ಆದರೆ ನಡುವೆ ಇರುವುದು ದೇಶದ ಗಡಿ. ಸಿಂಗಪುರದಲ್ಲಿ ಕೆಲಸ, ಬಾತಮಿನಲ್ಲಿ ವಾಸ ಎಂಬುದು ಕೇಳಲು ಚೆಂದ. ದಿನಕ್ಕೆ ಎರಡು ಬಾರಿ ವಲಸೆ ತಪಾಸಣೆ, ದೋಣಿಯ ದರ, ಎರಡೂ ದೇಶಗಳ ಪರವಾನಗಿ ಇವನ್ನು ಕೂಡಿಸಿ ನೋಡಿದರೆ ಎಲ್ಲರಿಗೂ ಹೊಂದುವ ಮಾತಲ್ಲ.

ಕೆಲಸಕ್ಕೆ ಹೋಗುವ ನಮ್ಮ ಯುವಕರು ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. 2010ರ ಏಪ್ರಿಲ್ 22ರಂದು ತಂಜುಂಗ್ ಉಂಚಾಂಗಿನ ಒಂದು ಹಡಗುಕಟ್ಟೆಯಲ್ಲಿ ದೊಡ್ಡ ಗಲಭೆಯಾಯಿತು. ಭಾರತೀಯ ಮೇಲ್ವಿಚಾರಕನೊಬ್ಬ ಇಂಡೋನೇಷ್ಯದ ಕೆಲಸಗಾರರನ್ನು ಹೀನಾಯವಾಗಿ ಬೈದನೆಂಬುದೇ ಕಾರಣ. ವಾಹನಗಳು ಸುಟ್ಟವು, ಅಲ್ಲಿದ್ದ ಭಾರತೀಯರನ್ನು ಪೊಲೀಸರ ಕಾವಲಿನಲ್ಲಿ ಸಾಗಿಸಬೇಕಾಯಿತು. ಆಳನ್ನು ಗೌರವದಿಂದ ಕರೆಯುವ ಮೇಸ್ತ್ರಿಗೆ ಎಲ್ಲಿಯೂ ಭಯವಿಲ್ಲ.

ನೆಲ ಯಾರದು?

ಹಣ ಹಾಕುವವನು ತಿಳಿಯಬೇಕಾದ ಮುಖ್ಯ ವಿಷಯ ಇದು. ಇಂಡೋನೇಷ್ಯದ 1960ರ ಮೂಲ ಭೂಕಾನೂನಿನಂತೆ ಪೂರ್ಣ ಒಡೆತನಕ್ಕೆ "ಹಾಕ್ ಮಿಲಿಕ್" ಎಂದು ಹೆಸರು. ನಮ್ಮ "ಹಕ್ಕು" ಶಬ್ದವೂ ಅಲ್ಲಿಯ "ಹಾಕ್" ಶಬ್ದವೂ ಒಂದೇ ಅರಬ್ಬೀ ಮೂಲದವು. ಈ ಪೂರ್ಣ ಹಕ್ಕು ಇಂಡೋನೇಷ್ಯದ ಪ್ರಜೆಗಳಿಗೆ ಮಾತ್ರ. ಬಾತಮಿನಲ್ಲಾದರೋ ಹೆಚ್ಚಿನ ಮನೆಗಳಿಗೆ ಪ್ರಜೆಗಳಿಗೂ ಅದು ಇಲ್ಲ. ನೆಲದ ನಿರ್ವಹಣೆಯ ಹಕ್ಕು ಪ್ರಾಧಿಕಾರದ ಕೈಯಲ್ಲಿದ್ದು, ಮನೆ ಕೊಂಡವನಿಗೆ ಸಿಗುವುದು ಕಟ್ಟಡ ಕಟ್ಟಿ ಅನುಭವಿಸುವ ಹಕ್ಕು. ಮೊದಲು 30 ವರ್ಷ, ವಿಸ್ತರಣೆಯಾದರೆ 20 ವರ್ಷ, ನವೀಕರಣವಾದರೆ ಮತ್ತೆ 30 ವರ್ಷ. ಪ್ರಾಧಿಕಾರಕ್ಕೆ ಸಲ್ಲುವ ನೆಲಬಾಡಿಗೆಯ ಹೆಸರಿನಲ್ಲಿ "ವಾರ್ಷಿಕ" ಎಂಬ ಮಾತಿದ್ದರೂ, 30 ವರ್ಷದ್ದನ್ನು ಮುಂಗಡವಾಗಿಯೇ ಕಟ್ಟುವ ಪದ್ಧತಿ.

ಒತ್ತುವರಿಯಾದ ಸರಕಾರಿ ಜಮೀನನ್ನು ತೋಟದ ಬೆಳೆಗಾರರಿಗೆ 30 ವರ್ಷಕ್ಕೆ ಗುತ್ತಿಗೆ ಕೊಡುವ ನಮ್ಮ ರಾಜ್ಯದ ವ್ಯವಸ್ಥೆಯನ್ನು ಕಂಡವರಿಗೆ ಈ ಅಂಕಿ ಪರಿಚಿತ. ಗುತ್ತಿಗೆ ಬೇರೆ, ಪಟ್ಟಾ ಬೇರೆ. ಗುತ್ತಿಗೆ ಪಡೆದ ಹೊಸದರಲ್ಲಿ ಎರಡರ ವ್ಯತ್ಯಾಸ ಕಾಣುವುದಿಲ್ಲ. ಅವಧಿ ಕರಗುತ್ತಾ ಬಂದಾಗ ಕಾಣುತ್ತದೆ. ಉದಾಹರಣೆಗೆ, ಪ್ರಾಧಿಕಾರವು ನೆಲ ಹಂಚಿ 18 ವರ್ಷವಾದ ಮೇಲೆ ಒಬ್ಬನು ಮನೆ ಕೊಂಡನೆನ್ನಿ. ಅವನು ಕೊಂಡದ್ದು 12 ವರ್ಷ ಮಾತ್ರ. ಆಮೇಲಿನದು ಆ ದಿನದ ದರ, ಆ ದಿನದ ನಿಯಮ. 2016ರಲ್ಲಿ ಪ್ರಾಧಿಕಾರ ಈ ದರವನ್ನು ಒಮ್ಮೆಲೇ ಏರಿಸಿದಾಗ ದ್ವೀಪದಲ್ಲಿ ತೀವ್ರ ವಿರೋಧವೆದ್ದು, ಅದನ್ನು ಪರಿಷ್ಕರಿಸಬೇಕಾಯಿತು. ನಗರಾಡಳಿತ ಒಂದು ಕಡೆ, ಪ್ರಾಧಿಕಾರ ಒಂದು ಕಡೆ ಎಂಬ ಎರಡು ಕಚೇರಿಗಳ ತೊಡಕು ಬೇರೆ ಇತ್ತು. 2019ರಲ್ಲಿ ಮೇಯರರನ್ನೇ ಪ್ರಾಧಿಕಾರದ ಮುಖ್ಯಸ್ಥರನ್ನಾಗಿ ಮಾಡಲಾಯಿತು.

ಪರದೇಶದವರಿಗೆ ಇನ್ನೂ ಮಿತಿ ಇದೆ. ವಲಸೆ ದಾಖಲೆ ಸರಿಯಿದ್ದವರು ನಿಗದಿತ ಕನಿಷ್ಠ ಬೆಲೆಯ ಮೇಲಿನ ಮನೆಯನ್ನು "ಹಾಕ್ ಪಕಾಯ್", ಅಂದರೆ ಬಳಕೆಯ ಹಕ್ಕಿನ ಮೇಲೆ ಕೊಳ್ಳಬಹುದು. 2020ರ ಕಾನೂನು ಮತ್ತು 2021ರ ನಿಯಮದಂತೆ ಮುಕ್ತ ವಲಯಗಳಲ್ಲಿ ಬಹುಮಹಡಿ ಕಟ್ಟಡದ ಮನೆಗಳಿಗೂ ಅವಕಾಶವಾಗಿದೆ. ಆದರೆ "ನಮ್ಮ ಊರಿನವನ ಹೆಸರಿನಲ್ಲಿ ಕೊಂಡು, ಪಕ್ಕದಲ್ಲೊಂದು ಕರಾರು ಪತ್ರ ಇಟ್ಟುಕೊಳ್ಳಿ" ಎಂದು ಹೇಳುವ ದಲ್ಲಾಳಿ ಸಿಕ್ಕರೆ ಅಲ್ಲಿಂದಲೇ ಎದ್ದು ಬರುವುದು ಲೇಸು. ಒಡೆತನದ ನೆಲವನ್ನು ಹೀಗೆ ಬಳಸುದಾರಿಯಲ್ಲಿ ಪರದೇಶೀಯನಿಗೆ ದಾಟಿಸಿದರೆ ಆ ವ್ಯವಹಾರ ಅನೂರ್ಜಿತ; ನೆಲ ಸರಕಾರಕ್ಕೆ, ಕೊಟ್ಟ ಹಣ ವಾಪಸಿಲ್ಲ ಎಂದು 1960ರ ಕಾನೂನೇ ಹೇಳುತ್ತದೆ. ಬೇನಾಮಿಗೆ ಅಲ್ಲಿಯೂ ರಕ್ಷಣೆಯಿಲ್ಲ.

ಕಾಗದವಿಲ್ಲದೆ ತಲೆತಲಾಂತರದಿಂದ ಇದ್ದವರ ಪಾಡನ್ನೂ ನೋಡಬೇಕು. ಬಾತಮಿಗೆ ಸೇತುವೆಗಳಿಂದ ಸೇರಿದ ರೆಂಪಾಂಗ್ ದ್ವೀಪದಲ್ಲಿ ಮಲಯ ಮೀನುಗಾರರ ಹಳೆಯ ಹಳ್ಳಿಗಳಿವೆ. ಅಲ್ಲಿ ಗಾಜಿನ ಕಾರ್ಖಾನೆಯೂ ಸೇರಿದ ದೊಡ್ಡ ಯೋಜನೆಗೆಂದು ಸುಮಾರು 7,500 ಜನರನ್ನು ಎಬ್ಬಿಸುವ ಮಾತು ಬಂದಾಗ, 2023ರ ಸೆಪ್ಟೆಂಬರ್ 7ರಂದು ಅಳತೆಗೆ ಬಂದ ಅಧಿಕಾರಿಗಳು, ಪೊಲೀಸರು ಮತ್ತು ಊರವರ ನಡುವೆ ಘರ್ಷಣೆಯಾಯಿತು. ಅಶ್ರುವಾಯು ಹಾರಿಸಲಾಯಿತು. ಹೊಸ ಬಡಾವಣೆಯ ನಕ್ಷೆಯಲ್ಲಿ ಖಾಲಿ ಎಂದು ತೋರುವ ಜಾಗ ಯಾರದೋ ಹಿತ್ತಿಲಾಗಿರಬಹುದು.

ಬಾಡಿಗೆ ಬರುವುದು ಎಲ್ಲಿಂದ?

ತೋಟದ ಬೆಲೆ ಫಸಲಿನಿಂದ. ಕಾರ್ಖಾನೆ ಬಡಾವಣೆಯ ಮನೆಯ ಬೆಲೆ ಕಾರ್ಖಾನೆಯ ಸಂಬಳದಿಂದ. 2025ಕ್ಕೆ ಬಾತಮಿನಲ್ಲಿ ನಿಗದಿಯಾದ ಕನಿಷ್ಠ ಸಂಬಳ ತಿಂಗಳಿಗೆ 49,89,600 ರುಪಿಯಾ. ಆ ವರ್ಷದ ದರದಲ್ಲಿ ನಮ್ಮ ಸುಮಾರು 26 ಸಾವಿರ ರೂಪಾಯಿ. ಇದರಲ್ಲಿ ಊಟ, ಓಡಾಟ, ಊರಿಗೆ ಕಳಿಸುವ ಹಣ ಕಳೆದು ಉಳಿದದ್ದರಲ್ಲಿ ಬಾಡಿಗೆ. ಅದಕ್ಕೊಂದು ಮೇಲ್ಮಿತಿ ಇದೆ. ಸಿಂಗಪುರದ ಬಾಡಿಗೆಯ ಕನಸು ಅಲ್ಲಿ ಸಲ್ಲದು.

ಸಂಬಳವೇ ನಿಂತರೆ? 2014ರಿಂದ ಜಗತ್ತಿನ ತೈಲ ಬೆಲೆ ಕುಸಿದಾಗ, ತೈಲ ಕಂಪನಿಗಳಿಗಾಗಿ ಹಡಗು ಮತ್ತು ಕಡಲ ವೇದಿಕೆ ಕಟ್ಟುತ್ತಿದ್ದ ತಂಜುಂಗ್ ಉಂಚಾಂಗಿಗೆ ಬೇಡಿಕೆ ನಿಂತಿತು. ಸಾವಿರಾರು ಜನ ಕೆಲಸ ಕಳೆದುಕೊಂಡು ಊರಿಗೆ ಮರಳಿದರು. 2017ರಲ್ಲಿ ಪ್ರಾಂತದ ಆರ್ಥಿಕ ಬೆಳವಣಿಗೆ ಶೇಕಡಾ 2ರ ಆಸುಪಾಸಿಗೆ ಇಳಿಯಿತು. ಬಾತು ಆಜಿಯ ಬಾಡಿಗೆ ಮನೆಗಳು ಖಾಲಿ ಬಿದ್ದದ್ದು ಮನೆ ಕೆಟ್ಟಿದ್ದರಿಂದಲ್ಲ, ಹಡಗಿಗೆ ಗಿರಾಕಿಯಿಲ್ಲದ್ದರಿಂದ. ಮುಂದೆ ಪರಿಸ್ಥಿತಿ ಸುಧಾರಿಸಿತು. ನೊಂಗ್ಸಾ ಕಡೆ ಗಣಕಯಂತ್ರಗಳ ದತ್ತಾಂಶ ಕೇಂದ್ರಗಳು ಬಂದಿವೆ. ಆದರೆ ಅಂಥ ಕೇಂದ್ರಕ್ಕೆ ವಿದ್ಯುತ್ತು, ನೀರು ಬೇಕಾದಷ್ಟು ಕೆಲಸಗಾರರು ಬೇಡ. ಹೊಸ ಉದ್ಯಮ ಬಂತೆಂದ ಮಾತ್ರಕ್ಕೆ ಬಾಡಿಗೆದಾರ ಬಂದನೆಂದು ತಿಳಿಯಲಾಗದು.

ನಾಣ್ಯದ ಮಾತೂ ಇದೆ. 1997ರ ಮಧ್ಯದಲ್ಲಿ ಡಾಲರಿಗೆ ಸುಮಾರು 2,400 ಇದ್ದ ರುಪಿಯಾ, ಮರುವರ್ಷ 16,000ದ ಸುತ್ತ ಹೋಯಿತು. ರುಪಿಯಾದಲ್ಲಿ ಬಾಡಿಗೆ ಏರಿದ್ದರೂ ರೂಪಾಯಿಗೆ ತಿರುಗಿಸಿದಾಗ ಇಳಿದಿರಬಹುದು.

ನಮ್ಮ ಕಡೆಯ ಕಾನೂನು

ರಿಸರ್ವ್ ಬ್ಯಾಂಕಿನ ನಿಯಮದಂತೆ ಇಲ್ಲಿ ವಾಸಿಸುವ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರಿನವರೆಗೆ ಬ್ಯಾಂಕಿನ ಮೂಲಕ ಹೊರದೇಶಕ್ಕೆ ಕಳಿಸಬಹುದು. ಆಸ್ತಿ ಕೊಳ್ಳಲೂ ಅದನ್ನು ಬಳಸಬಹುದು. ಹವಾಲಾ ದಾರಿ ಅಪರಾಧ. ಹೊರದೇಶದ ಬಾಡಿಗೆ ಕೃಷಿ ಆದಾಯವಲ್ಲ, ತೆರಿಗೆಗೆ ಒಳಪಟ್ಟದ್ದು. "ನಾವು ಕೃಷಿಕರು, ರಿಟರ್ನ್ ಹಾಕುವುದಿಲ್ಲ" ಎನ್ನುವವರು ವಿಶೇಷವಾಗಿ ಗಮನಿಸಬೇಕು. ಹೊರದೇಶದಲ್ಲಿ ಸ್ಥಿರಾಸ್ತಿ ಇದ್ದವನು ರಿಟರ್ನಿನಲ್ಲಿ ಅದನ್ನು ತೋರಿಸಲೇಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯಿದೆಯಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಹಣ ನಿಮ್ಮದಾಗಿ ಹೆಸರು ಮಗನದಾಗಿದ್ದರೆ, ಮೊದಲೇ ಲೆಕ್ಕಪರಿಶೋಧಕರನ್ನು ಕಾಣುವುದು ಒಳ್ಳೆಯದು.

ಮುಂಗಡ ಕೊಡುವ ಮುನ್ನ ಕೇಳಬೇಕಾದ್ದು

1. ಹಕ್ಕಿನ ಪ್ರಮಾಣಪತ್ರದಲ್ಲಿ ಯಾವ ಬಗೆಯ ಹಕ್ಕೆಂದು ಬರೆದಿದೆ, ಯಾರ ಹೆಸರಿದೆ?

2. ನೆಲದ ಅವಧಿ ಶುರುವಾದ ವರ್ಷ ಯಾವುದು, ಇನ್ನೆಷ್ಟು ವರ್ಷ ಉಳಿದಿದೆ?

3. ಪ್ರಾಧಿಕಾರಕ್ಕೆ ಕಟ್ಟಿದ ಹಣದ ರಸೀದಿ ಇದೆಯೇ?

4. ಆ ಬೀದಿಯಲ್ಲಿ ಈಗ ಬಾಡಿಗೆಗೆ ಇರುವವರು ಯಾವ ಕಾರ್ಖಾನೆಯವರು? ಅದೇ ಸಾಲಿನಲ್ಲಿ ಬೀಗ ಹಾಕಿದ ಮನೆಗಳು ಎಷ್ಟು?

5. ಮಳೆ ಹಿಂದೆಗೆದ ವರ್ಷ ನಲ್ಲಿಯಲ್ಲಿ ನೀರು ಬಂದಿತ್ತೇ?

6. ಮಾರಬೇಕೆಂದಾಗ ಕೊಳ್ಳುವವರು ಯಾರು? ಹಣವನ್ನು ಭಾರತಕ್ಕೆ ತರುವ ದಾರಿ ಯಾವುದು?

ಇವುಗಳಲ್ಲಿ ನಾಲ್ಕನೆಯದಕ್ಕೆ ಉತ್ತರ ಕಾಗದದಲ್ಲಿ ಸಿಗದು, ಬೀದಿಯಲ್ಲಿ ನಡೆದೇ ನೋಡಬೇಕು. ಮಗನಿಗೆ ಅಲ್ಲಿ ನಾಲ್ಕು ವರ್ಷದ ಕೆಲಸವಿದ್ದರೆ ಮನೆಯನ್ನು ಬಾಡಿಗೆಗೆ ಹಿಡಿಯುವುದೇ ಸರಿ. ಆ ನಾಲ್ಕು ವರ್ಷದಲ್ಲಿ ಊರಿನ ಒಳಹೊರಗು ತಿಳಿಯುತ್ತದೆ. ಅದಾದ ಮೇಲೂ ಕೊಳ್ಳಬೇಕೆನಿಸಿದರೆ, ನೋಟರಿಯ ಮುಂದೆ, ಸ್ವಂತ ಹೆಸರಿನಲ್ಲಿ, ಕಾನೂನು ಕೊಟ್ಟಷ್ಟೇ ಹಕ್ಕಿನ ಮೇಲೆ ಕೊಳ್ಳಲಿ. ಅದಕ್ಕಾಗಿ ಇಲ್ಲಿಯ ತೋಟವನ್ನು ಅಡವಿಡುವುದು ಮಾತ್ರ ಬೇಡ. ತೋಟದ ಪಹಣಿಯಲ್ಲಿ ನಿಮ್ಮ ಹೆಸರಿನ ಮುಂದೆ ಮುಗಿಯುವ ವರ್ಷ ಬರೆದಿರುವುದಿಲ್ಲ.