ಒಂದು ಹನಿಗೆ ಹದಿನೆಂಟು ಹೂವು

ಆರು ಟೀ ಚಮಚೆಯಷ್ಟು ಸುಗಂಧ, ಅಂದರೆ 30 ಮಿಲಿಲೀಟರ್. ಅದಕ್ಕೆ ಹಿಡಿಯುವುದು 10,600 ಜಾಜಿ ಹೂವು, 28 ಡಜನ್ ಗುಲಾಬಿ! ಪ್ಯಾರಿಸ್‌ನ ವಸ್ತ್ರವಿನ್ಯಾಸಕ ಝಾಂ ಪಾಟು 1930ರಲ್ಲಿ ಮಾರುಕಟ್ಟೆಗೆ ತಂದ ‘ಜಾಯ್’ ಬಗ್ಗೆ ಕಂಪನಿಯೇ ಸಾರಿಕೊಂಡು ಬಂದ ಲೆಕ್ಕವಿದು. ಹಿಂದಿನ ವರ್ಷವಷ್ಟೇ ನ್ಯೂಯಾರ್ಕ್ ಷೇರುಪೇಟೆ ನೆಲಕಚ್ಚಿತ್ತು. ಅಮೆರಿಕದ ಸಿರಿವಂತ ಗಿರಾಕಿಗಳೇ ಕಂಗಾಲಾಗಿದ್ದ ಆ ಹೊತ್ತಿನಲ್ಲಿ ಪಾಟು ಮುಂದಿಟ್ಟದ್ದು ‘ಜಗತ್ತಿನಲ್ಲೇ ಅತಿ ದುಬಾರಿ’ ಎಂಬ ಹೆಗ್ಗಳಿಕೆಯ ಸೀಸೆ.

ದುಬಾರಿ ಏಕೆಂಬುದು ತಕ್ಕಡಿಯಲ್ಲೇ ಗೊತ್ತಾಗುತ್ತದೆ. ಒಂದು ಕಿಲೋ ತೂಗಲು ಸುಮಾರು 10,000 ಜಾಜಿ ಹೂವು ಬೇಕು. ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣದ ಸುತ್ತಲಿನ ತೋಟಗಳಲ್ಲಿ ನಸುಕಿಗೇ ಕೊಯ್ಲು ಶುರು. ಬಿಸಿಲೇರಿದರೆ ಕಂಪು ಇಳಿಯುತ್ತದೆ. ಮುಟ್ಟಿದರೆ ನಲುಗುವ ಹೂವನ್ನು ಬೆರಳ ತುದಿಯಲ್ಲಿ ಒಂದೊಂದಾಗಿ ಬಿಡಿಸಬೇಕು. ಹಾಗೆ ಕೂಡಿದ ಒಂದು ಕಿಲೋ ಹೂವಿನ ಕಂಪನ್ನು ದ್ರಾವಕದಲ್ಲಿ ಇಳಿಸಿ, ಮೇಣ ಕಳೆದರೆ ಕೊನೆಗೆ ಉಳಿಯುವ ‘ಆ್ಯಬ್ಸಲ್ಯೂಟ್’ ಸುಮಾರು ಒಂದೇ ಗ್ರಾಂ. ಸಾವಿರದಲ್ಲಿ ಒಂದು ಪಾಲು!

ಇನ್ನು ಹನಿಯ ಲೆಕ್ಕ. ಒಂದು ಮಿಲಿಲೀಟರಿಗೆ 20 ಹನಿ ಎಂದು ಹಿಡಿದರೆ ಸೀಸೆಯಲ್ಲಿ 600 ಹನಿ. ಹನಿಯೊಂದಕ್ಕೆ ಬರುವುದು ಹದಿನೆಂಟು ಜಾಜಿ, ಅರ್ಧಕ್ಕಿಂತ ತುಸು ಹೆಚ್ಚು ಗುಲಾಬಿ. ಇಷ್ಟೇನಾ? ನಮ್ಮ ಹೆಣ್ಣುಮಕ್ಕಳು ಮುಡಿಯುವ ಒಂದು ಮೊಳ ಮಲ್ಲಿಗೆಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಹೂವಿರುತ್ತದೆ.

ಆದರೆ ಆ ಹದಿನೆಂಟನ್ನು ಹಗುರವಾಗಿ ಕಾಣುವಂತಿಲ್ಲ. ಜಾಜಿಯ ಸಾರದಲ್ಲಿ ‘ಇಂಡೋಲ್’ ಎಂಬ ವಸ್ತುವಿದೆ. ಮಲದಲ್ಲೂ ಇರುವ ಇದು ಹೆಚ್ಚಾದರೆ ಗಬ್ಬು. ಹದವಾಗಿದ್ದರೆ ಬಿಳಿ ಹೂವಿನ ಪರಿಮಳಕ್ಕೆ ಮತ್ತೇರಿಸುವ ಗುಣ ಕೊಡುತ್ತದೆ. ಸಾರದಲ್ಲಿ ಇದರ ಪಾಲು ನೂರಕ್ಕೆ ಎರಡು ಎಂದುಕೊಂಡರೂ, ಒಂದು ಹನಿ ಜಾಯ್‌ನಲ್ಲಿ ಒಂದು ಮಿಲಿಗ್ರಾಂನ ಮೂವತ್ತನೇ ಒಂದು ಭಾಗದಷ್ಟು ಇಂಡೋಲ್. ಕಣ್ಣಿಗೆ ಕಾಣದ ಆ ಚೂರಿನ ಅಣುಗಳನ್ನು ಭೂಮಿಯ ಮೇಲಿನ 800 ಕೋಟಿ ಜನರಿಗೆ ಸಮನಾಗಿ ಹಂಚಿದರೆ, ತಲೆಗೆ ಎರಡು ಕೋಟಿ ಅಣು!

ಇಂಥ ಸುಗಂಧ ಹಚ್ಚಿಕೊಳ್ಳುವವರು ಎಡವುವುದು ಅದರ ಪ್ರಮಾಣದಲ್ಲೇ. ಸ್ವಲ್ಪ ಹೊತ್ತಿಗೆಲ್ಲ ನಮ್ಮ ಮೂಗು ನಮ್ಮದೇ ಪರಿಮಳಕ್ಕೆ ಒಗ್ಗಿಹೋಗುತ್ತದೆ. ವಾಸನೆ ಹೋಯಿತೆಂದು ಮತ್ತೆ ಹಚ್ಚುತ್ತೇವೆ. ಪಕ್ಕದವರು ಕಿಟಕಿ ತೆರೆಯುತ್ತಾರೆ. ಜೊತೆಗೆ, ಇದು ಸುಮ್ಮನೆ ಪೋಲು ಮಾಡುವ ಮಾಲೂ ಅಲ್ಲ. 2018ರಲ್ಲಿ ಪಾಟು ಕಂಪನಿ ಎಲ್‌ವಿಎಂಎಚ್ ಸಮೂಹದ ಕೈಗೆ ಹೋಯಿತು. ಅದೇ ವರ್ಷ ‘ಜಾಯ್’ ಹೆಸರು ಅದೇ ಸಮೂಹದ ಡಿಯೋರ್‌ ಬ್ರ್ಯಾಂಡಿನ ಬೇರೆಯದೇ ಸುಗಂಧದ ಮೇಲೆ ಬಂತು, ಹಳೆಯದರ ತಯಾರಿಕೆ ನಿಂತಿತು. ಈಗ ಸಿಗುವುದೆಲ್ಲ ಉಳಿದ ಸೀಸೆಗಳೇ.

ಹಾಗಾಗಿ ಎರಡೂ ಮಣಿಕಟ್ಟಿಗೆ ಒಂದೊಂದು ಹನಿ ಸಾಕು. ಮೂವತ್ತಾರು ಜಾಜಿ, ಒಂದು ಗುಲಾಬಿ ಆಗಲೇ ಮೈಮೇಲಿರುತ್ತವೆ.